ಮಿಕ್ಕ ಬಟ್ಟೆಗೆ ನಮ್ಮಲ್ಲಿ ಬೆಂಬಲವಿಲ್ಲ

“ಕಳ್ಳತನ ಅಂತ ಬಾಯಿಬಿಟ್ಟು ಹೇಳ್ರೀ, ಕೇಳ್ಕೊಂಡು ಮನೆಗೆ ಹೋಗ್ತೀನಿ! ಅದೇನು ಬೆಳಿಗ್ಗೆಯಿಂದ ‘ಬೆಂಬಲ ಇಲ್ಲ, ಬೆಂಬಲ ಇಲ್ಲ’ ಅಂತ ಒಂದೇ ರಾಗ ಎಳೀತಿದ್ದೀರಿ!”

“ಸರ್, ದಯವಿಟ್ಟು ಮೇಜು ಗುದ್ದಬೇಡಿ. ಗಾಜಿನದ್ದು.”

“ಒಡೀಲಿ! ಒಡೆದು ಎರಡಾದ್ರೆ ದೊಡ್ಡ ಚೂರು ನೀವಿಟ್ಕೊಳ್ಳಿ, ಸಣ್ಣದು ನನಗೆ ಕೊಡಿ. ಅದೇ ಅಲ್ವಾ ನಿಮ್ಮ ಕಂಪನಿ ನ್ಯಾಯ?”

ಮ್ಯಾನೇಜರು ಮೇಜಿನ ಮೇಲಿದ್ದ ನೀರಿನ ಲೋಟವನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ. ನನ್ನ ಮಗಳ ವಯಸ್ಸಿನ ಹುಡುಗ. ಕುತ್ತಿಗೆಗೆ ಟೈ, ಮುಖಕ್ಕೊಂದು ನಗು. ಟೈ ಬಿಚ್ಚಿದರೂ ನಗು ಬಿಚ್ಚಿಹೋಗದ ಹಾಗೆ ಯಾರೋ ಎರಡೆಳೆ ದಾರ ಹಾಕಿ ಹೊಲಿದಿದ್ದರು. ಅವನ ಪ್ಯಾಂಟಿನ ಎಡಗಾಲು ಬಲಗಾಲಿಗಿಂತ ಅರ್ಧ ಬೆರಳು ಉದ್ದವಿತ್ತು. ಒಳಗೆ ಬಂದಾಗಲೇ ನನ್ನ ಕಣ್ಣಿಗೆ ಬಿದ್ದಿತ್ತು. ಕೋಪದಲ್ಲಿದ್ದೆನಾದ್ದರಿಂದ ಹೇಳಲಿಲ್ಲ.

“ನಿಮ್ಮ ಹೊಸ ನಾಣ್ಯ ನಾವು ತಗೊಂಡಿಲ್ಲ ಸರ್,” ಎಂದ.

“ಹಾಗಾದ್ರೆ ಕೊಡಿ.”

“ಕೊಡೋಕಾಗಲ್ಲ. ಹೊಸ ನಾಣ್ಯಕ್ಕೆ ನಮ್ಮಲ್ಲಿ ಬೆಂಬಲ ಇಲ್ಲ.”

“ಈಗ ಎಲ್ಲಿದೆ ಅದು?”

“ವ್ಯಾಲೆಟ್‌ನಲ್ಲಿ.”

“ಯಾರ ವ್ಯಾಲೆಟ್?”

“ನಮ್ಮದು.”

“ಕೀಲಿ?”

“ಅದೂ ನಮ್ಮ ಹತ್ರಾನೇ.”

“ನಿಮ್ಮ ಚೀಲದಲ್ಲಿದೆ. ಕೀಲಿ ನಿಮ್ಮ ಸೊಂಟದಲ್ಲಿದೆ. ಆದ್ರೂ ನೀವು ತಗೊಂಡಿಲ್ಲ!”

“ತಗೊಂಡಿಲ್ಲ ಸರ್. ಅದಾಗಿಯೇ ಬಂದು ಬಿದ್ದಿದೆ.”

ಓದುವವರು ತಲೆ ಕೆರೆದುಕೊಳ್ಳುತ್ತಿರಬಹುದು. ನಾನೂ ಕೆರೆದುಕೊಂಡು ಕೆರೆದುಕೊಂಡೇ ಆ ಆಫೀಸಿನ ಲಿಫ್ಟು ಹತ್ತಿದವನು. ಆದ್ದರಿಂದ ನನಗೆ ತಿಳಿದಷ್ಟನ್ನು ತಿಳಿದ ಹಾಗೆ ಹೇಳಿಬಿಡುತ್ತೇನೆ.

ನಾನು ದರ್ಜಿ. ಕೆಳಗೆ ಅಂಗಡಿ, ಮೇಲೆ ಮನೆ. ಅಳತೆ ಮತ್ತು ಕತ್ತರಿ ನನ್ನದು; ಕಾಜಾ, ಗುಂಡಿ, ಅಂಚು ನನ್ನ ಹೆಂಡತಿಯದು. ಬಟ್ಟೆಯ ಅಂಚು ನೂಲುನೂಲಾಗಿ ಬಿಚ್ಚಿಕೊಳ್ಳದ ಹಾಗೆ ಹೊಲಿಯಲು ಓವರ್‌ಲಾಕ್ ಅಂತ ಒಂದು ಯಂತ್ರ ಬರುತ್ತದೆ. ನಮ್ಮಲ್ಲಿ ಅದಿಲ್ಲ. ಇವಳು ಇಷ್ಟು ವರ್ಷ ಕೈಯಲ್ಲೇ ಅಂಚು ಮಡಚಿ ಹೊಲಿದು ಬೆರಳ ತುದಿಯೆಲ್ಲ ಜರಡಿಯಾಗಿದೆ. ಕೊನೆಗೆ ತಾನೇ ಕೂಡಿಟ್ಟ ಹಣವನ್ನು ನನ್ನ ಕೈಗೆ ಕೊಟ್ಟು, “ಯಂತ್ರ ತಂದುಬಿಡಿ” ಎಂದಳು.

ಯಂತ್ರದಂಗಡಿಯ ದಾರಿಯಲ್ಲಿ ಕ್ಷೌರದಂಗಡಿ ಇದೆ. ಅಲ್ಲಿ ಗಡ್ಡಕ್ಕೆ ಕೂತದ್ದೇ ತಪ್ಪಾಯಿತು. ಸೋಪು ಹಚ್ಚಿಸಿಕೊಂಡವನೊಬ್ಬ, ತನ್ನ ಹತ್ತಿರ ಕ್ರಿಪ್ಟೋ ನಾಣ್ಯ ಇದೆ ಎಂದ. ಪಕ್ಕದವನು ತನ್ನ ಹತ್ತಿರವೂ ಇದೆ ಎಂದ. ಕ್ಷೌರಿಕ ಕತ್ತಿ ಎತ್ತಿ ಹಿಡಿದು ನನ್ನನ್ನು ಕನ್ನಡಿಯಲ್ಲಿ ನೋಡಿ, “ಪಾಪ, ನಮ್ಮ ಟೈಲರ್‌ಗೆ ಇದೆಲ್ಲ ಎಲ್ಲಿಂದ ಗೊತ್ತಾಗ್ಬೇಕು ಬಿಡಿ” ಎಂದ. ‘ಪಾಪ’ ಎಂದದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. “ನಂಗೂ ಇದೆ,” ಎಂದುಬಿಟ್ಟೆ. ಹೇಳಿದ ಮೇಲೆ ಇರಬೇಕಲ್ಲ? ಅಲ್ಲಿಂದ ಸೀದಾ ಬಾಮೈದನ ಮನೆಗೆ ಹೋದೆ. ಅವನು ತನ್ನ ಫೋನಿನಲ್ಲಿ ಏನೇನೋ ಒತ್ತಿ, ನನ್ನ ಬೆರಳನ್ನೂ ಹಿಡಿದು ಒಂದು ಕಡೆ ಒತ್ತಿಸಿ, “ಆಯ್ತು ಭಾವ, ಇನ್ನು ಓವರ್‌ಲಾಕ್ ಯಾಕೆ, ಕಾರ್ಖಾನೆ ಹಾಕಿ” ಎಂದ.

ಕಾರ್ಖಾನೆ ಬರುವ ಮೊದಲೇ ನಾಣ್ಯ ಒಡೆಯಿತು.

“ನಾಣ್ಯ ನಡೆಸೋರಲ್ಲಿ ಜಗಳ ಆಯ್ತು ಭಾವ,” ಎಂದು ಬಾಮೈದ ವಿವರಿಸಿದ. “ಒಂದು ಗುಂಪು ಹಳೇ ನಿಯಮ ಸಾಕು ಅಂತು. ಇನ್ನೊಂದು ಗುಂಪು ಬದಲಾಯಿಸ್ಬೇಕು ಅಂತು. ಎರಡೂ ಬೇರೆ ಆದವು. ಹಳೇ ನಾಣ್ಯ ಒಂದಿದ್ದೋರಿಗೆಲ್ಲ ಹೊಸದೊಂದು ಬಂತು.”

“ನಂಗೆ ಬಂದಿಲ್ವಲ್ಲೋ?”

“ನಿಮ್ಮ ನಾಣ್ಯ ನಿಮ್ಮ ಹತ್ರ ಎಲ್ಲಿದೆ? ನಾಣ್ಯ ಕೊಂಡು ಮಾರೋ ಎಕ್ಸ್‌ಚೇಂಜ್ ಕಂಪನಿಯವರ ಹತ್ರ ಇಡೋಕೆ ಕೊಟ್ಟಿದ್ದೀವಲ್ಲ. ಕೀಲಿ ಯಾರ ಹತ್ರ ಇದೆಯೋ ಹೊಸದೂ ಅವರ ಕೈಗೇ ಬರೋದು.”

“ಹಳೇದಾದ್ರೂ ಪೂರ್ತಿ ಇದೆಯಾ?”

“ಇದೆ. ಬೆಲೆ ಮಾತ್ರ ಅರ್ಧ ಆಗಿದೆ. ಇನ್ನರ್ಧ ಬೆಲೆ ಹೊಸದರ ಜೊತೆ ಹೋಯ್ತು.”

ಅಂದರೆ ನನ್ನ ಹತ್ತಿರ ಈಗ ಅರ್ಧ ಓವರ್‌ಲಾಕ್ ಯಂತ್ರವಿತ್ತು. ಹೆಂಡತಿ ಕೋಪ ಮಾಡಿಕೊಳ್ಳಲಿಲ್ಲ. ಕೋಪ ನನ್ನ ಇಲಾಖೆ. ಅವಳು ಸೂಜಿಗೆ ದಾರ ಪೋಣಿಸುತ್ತ, “ಪೂರ್ತಿ ಯಂತ್ರ ಬರಬೇಕು. ಬರಲಿಲ್ಲ ಅಂದ್ರೆ ಮಗಳ ಮನೇಲಿ ನನಗೊಂದು ಕೋಣೆ ಇದೆ. ಅವಳಿಗೆ ಹೆರಿಗೆ ಹತ್ರ ಬಂತು, ಹೇಗೂ ಕರೀತಿದ್ದಾಳೆ” ಎಂದಳು. ಅಷ್ಟೇ. ಸೂಜಿ ಬಟ್ಟೆಯೊಳಗೆ ಹೋಯಿತು.

ಮಾರನೆಯ ದಿನವೇ ನಾನು ಲಿಫ್ಟು ಹತ್ತಿದ್ದು.

ಈಗ ಮತ್ತೆ ಗಾಜಿನ ಮೇಜಿಗೆ ಬರೋಣ. ಮಾತಿನಲ್ಲಿ ಹೇಳಿದರೆ ಈ ಹುಡುಗನಿಗೆ ತಿಳಿಯುವುದಿಲ್ಲ, ಕಣ್ಣಿಗೆ ತೋರಿಸಬೇಕು ಅನ್ನಿಸಿತು. ನನ್ನ ಚೀಲದಲ್ಲಿ ಬೂದು ಬಣ್ಣದ ಪ್ಯಾಂಟಿನ ಬಟ್ಟೆ ಇತ್ತು. ತೆಗೆದು ಮೇಜಿನ ಮೇಲೆ ಹರಡಿದೆ.

“ನೋಡಪ್ಪಾ. ಇದು ನಿನ್ನ ಹತ್ರ ಇಡೋಕೆ ಕೊಟ್ಟೆ. ಸರೀನಾ?”

“ಸರಿ ಸರ್.”

“ಇದು ಹರೀತು.” ಹಲ್ಲಿನಲ್ಲಿ ಅಂಚು ಕಚ್ಚಿ ಎಳೆದೆ. ಬಟ್ಟೆ ಪರ್ರನೆ ನಡುವೆ ಸೀಳಿಕೊಂಡಿತು. ಆಫೀಸಿನಲ್ಲಿದ್ದ ಹುಡುಗಿಯರೆಲ್ಲ ಕಂಪ್ಯೂಟರ್ ಪರದೆಗಳಿಂದ ತಲೆ ಎತ್ತಿದರು. “ಈಗ ಎರಡಾಯ್ತು. ಒಂದನ್ನ ನನಗೆ ಕೊಟ್ಟು, ಇನ್ನೊಂದಕ್ಕೆ ನಮ್ಮಲ್ಲಿ ಬೆಂಬಲ ಇಲ್ಲ ಅಂದ್ರೆ, ನಾನು ಏನು ಉಟ್ಕೊಂಡು ಮನೆಗೆ ಹೋಗ್ಲಿ?”

ಮ್ಯಾನೇಜರು ಬಟ್ಟೆಯನ್ನು ನೋಡಿದ. ನನ್ನನ್ನು ನೋಡಿದ. “ಸರ್, ಈ ಬಟ್ಟೆ ನಿಮ್ಮದಾ?”

“ಅಲ್ಲ, ಗಿರಾಕೀದು.”

“ನೀವು ಹರಿದದ್ದು ಅವರಿಗೆ ಗೊತ್ತಾ?”

ನನಗೂ ಆಗಲೇ ಗೊತ್ತಾದದ್ದು. ಆದರೆ ವಾದದ ನಡುವೆ ಕಣ್ಣು ತಗ್ಗಿಸಬಾರದು. “ಅದು ನನ್ನ ಅವನ ವ್ಯವಹಾರ,” ಎಂದೆ.

“ಇದೂ ಹಾಗೇ ಸರ್. ಹೊಸ ನಾಣ್ಯ ಕೊಡಬೇಕೋ ಬೇಡವೋ ಕಂಪನಿ ಇಷ್ಟ ಅಂತ ನಿಯಮದಲ್ಲಿದೆ. ‘ಒಪ್ಪಿದ್ದೇನೆ’ ಅಂತ ನೀವೇ ಒತ್ತಿದ್ದೀರಿ.”

“ಒತ್ತಿದ್ದು ನನ್ನ ಬೆರಳು. ಒತ್ತಿಸಿದ್ದು ಬಾಮೈದ!”

ನಾನು ಮತ್ತೆ ಕೈ ಎತ್ತಿದೆ. ಅವನು ಎರಡೂ ಅಂಗೈಯನ್ನು ಗಾಜಿನ ಮೇಲಿಟ್ಟು, “ಹೆಡ್ ಆಫೀಸಿಗೆ ಬರೀತೀನಿ ಸರ್. ಉತ್ತರ ಬಂದ ಕೂಡಲೇ ಹೇಳ್ತೀನಿ. ನೀವು ಮಾತ್ರ ಬರಬೇಡಿ, ನಾನೇ ನಿಮ್ಮ ಅಂಗಡಿಗೆ ಬರ್ತೀನಿ” ಎಂದ. ಬಾಗಿಲವರೆಗೂ ಬಂದು ಕಳಿಸಿಕೊಟ್ಟ. ಅದನ್ನು ನಾನು ಗೌರವ ಎಂದುಕೊಂಡೆ.

ನಮ್ಮ ಬೀದಿಯಲ್ಲಿ ಸೆಕ್ಷನ್ ತಾತ ಅಂತ ಒಬ್ಬರಿದ್ದಾರೆ. ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ನಿವೃತ್ತರಾದ ಮೇಲೂ ಕೆಮ್ಮುವುದಕ್ಕೆ ಮುಂಚೆ ಯಾವ ಸೆಕ್ಷನ್ನಿನಲ್ಲಿ ಕೆಮ್ಮುತ್ತಿದ್ದೇನೆ ಎಂದು ಯೋಚಿಸುವ ಮನುಷ್ಯ. ಆ ಬೂದು ಬಟ್ಟೆ ಅವರದ್ದೇ. ಆ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ.

“ಬಹಳ ಸರಳ ಕಣಯ್ಯಾ ಟೈಲರ್,” ಎಂದರು. ಅವರು ಸರಳ ಎಂದರೆ ನನಗೆ ಭಯ. “ನಾನು ಊರಿಗೆ ಹೋಗ್ತಾ ನನ್ನ ಹಸೂನ ನಿನ್ನ ಹತ್ರ ಬಿಟ್ಟೆ ಅಂದ್ಕೋ. ನಾನು ಬರೋದ್ರೊಳಗೆ ಅದು ಕರು ಹಾಕ್ತು. ಕರು ಯಾರದ್ದು?”

“ನಿಮ್ಮದು.”

“ಯಾಕೆ?”

“ಹಸು ನಿಮ್ಮದು, ಅದಕ್ಕೆ.”

“ಸಾಕ್ಷಾತ್ ಕಾನೂನು! ನಿನ್ನ ನಾಣ್ಯ ಹಸು. ಹೊಸದು ಕರು. ಕಂಪನಿ ನಿನ್ನ ಹಸು ಕಟ್ಟಿಕೊಂಡವನು. ಕರು ನಿನಗೆ ಬಿಡಬೇಕು.” ಆಮೇಲೆ ಧ್ವನಿ ತಗ್ಗಿಸಿ, “ಆದ್ರೆ ಹಸು ಬಿಡೋವಾಗ, ಕರು ನಂಗೆ ಬೇಡ ಅಂತ ನೀನು ಒಪ್ಪಿದ್ಯಾ?”

“ಬಾಮೈದ ಒತ್ತಿಸಿದ.”

“ಹಾಗಾದ್ರೆ ಸ್ವಲ್ಪ ಜಟಿಲ,” ಎಂದು ತಾತ ಗಡ್ಡ ಸವರಿಕೊಂಡರು. “ಇಂಥ ಕಡೆ ಕೋರ್ಟಿಗಿಂತ ಮರ್ಯಾದೆ ಕೆಲಸ ಮಾಡುತ್ತೆ. ಅವನು ನಿನ್ನ ಅಂಗಡಿಗೆ ಬರ್ತಾನೆ ಅಂದ್ಯಲ್ಲ? ಬಂದ ಕೂಡಲೇ ಅವನ ಕಣ್ಣು ಕುಕ್ಕೋ ಹಾಗೆ ಒಂದು ಬೋರ್ಡು ಹಾಕು.”

ಹಳೆಯ ಇಸ್ತ್ರಿ ಹಲಗೆ ಒಂದಿತ್ತು. ಅದರ ಬಟ್ಟೆ ಕಿತ್ತು, ಕೆಂಪು ಬಣ್ಣದಲ್ಲಿ ನಾನೇ ಬರೆದೆ. ತಾತ ಹೇಳಿಕೊಟ್ಟರು: “ಗಿರಾಕಿಯ ವಸ್ತು ಒಂದಿದ್ದದ್ದು ಎರಡಾದರೆ, ಎರಡೂ ಗಿರಾಕಿಯದೇ.” ಇಷ್ಟು ತಣ್ಣಗಿದ್ದರೆ ಸಾಲದು ಎಂದು ಕೊನೆಯ ಸಾಲನ್ನು ನಾನು ಸೇರಿಸಿದೆ: “ಇಟ್ಟುಕೊಂಡವನು ಕಳ್ಳ.” ಅಂಗಡಿಯ ನೆತ್ತಿಗೆ ಮೊಳೆ ಹೊಡೆದು ತೂಗುಹಾಕಿದೆ. ಬೀದಿಯ ಆ ತುದಿಯಿಂದಲೂ ಓದಬಹುದಿತ್ತು. ಮ್ಯಾನೇಜರು ಬರಲಿ, ನೋಡಲಿ, ನಾಚಿ ನೆಲಕ್ಕಿಳಿಯಲಿ ಎಂದು ಕಾಯುತ್ತ ಕೂತೆ.

ಮ್ಯಾನೇಜರಿಗಿಂತ ಮೊದಲು ಓದಿದವನು ಕ್ಷೌರಿಕ.

“ಬೋರ್ಡು ಭಾರೀ ಆಗಿದೆ ಕಣೋ,” ಎಂದು ಒಳಗೆ ಬಂದು ಕೂತ. “ನಿಯತ್ತು ಅಂದ್ರೆ ಇದು. ಅಂದಹಾಗೆ, ನನ್ನ ನೀಲಿ ಅಂಗಿ ಹೊಲಿಸಿದ್ನಲ್ಲ, ಅದರ ಮಿಕ್ಕ ಬಟ್ಟೆ ಎಲ್ಲಿ?”

“ಯಾವ ಮಿಕ್ಕ ಬಟ್ಟೆ?”

“ನಾನು ಕೊಟ್ಟಿದ್ದು ಇಷ್ಟುದ್ದ.” ಎರಡೂ ತೋಳು ಚಾಚಿದ. “ನೀನು ಕೊಟ್ಟಿದ್ದು ಒಂದು ಅಂಗಿ. ಅದೂ ಕೈ ಎತ್ತಿದ್ರೆ ಹೊಟ್ಟೆ ಕಾಣುತ್ತೆ.”

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಹೊಲಿದು ಮಿಕ್ಕ ತುಂಡು ದರ್ಜಿಯದು. ಹೀಗೆಂದು ಯಾರೂ ಬರೆದಿಟ್ಟಿಲ್ಲ, ಯಾರೂ ಕೇಳುವುದೂ ಇಲ್ಲ. ಗಾಳಿ ಬೀಸುವ ಹಾಗೆ ಅದು ತನ್ನಷ್ಟಕ್ಕೆ ನಡೆದುಕೊಂಡು ಬಂದಿದೆ. ನನ್ನ ಗುರುವಿನ ಮನೆಯಲ್ಲಿ ಕಿಟಕಿಗೂ ಕೋಟು ತೊಡಿಸಿದ್ದರು. ಇದನ್ನು ನಾಣ್ಯದ ವಿಷಯಕ್ಕೆ ಹೋಲಿಸುವುದು ಶುದ್ಧ ಅವಿವೇಕ. ಅದನ್ನೇ ಕ್ಷೌರಿಕನಿಗೂ ಹೇಳಿದೆ.

“ಅದು ಬೇರೆ, ಇದು ಬೇರೆ. ನಿಂದು ಮಿಕ್ಕಿದ್ದು. ನಂದು ಒಡೆದದ್ದು.”

“ನನ್ನ ಬಟ್ಟೆ ಕತ್ತರಿಸಿದ್ಯಾರು?”

“ನಾನು.”

“ಕತ್ತರಿಸೋಕೆ ಮುಂಚೆ ಎಷ್ಟಿತ್ತು?”

“ಒಂದು.”

“ಆಮೇಲೆ?”

ನಾನು ಅಳತೆಯ ಟೇಪನ್ನು ಸುತ್ತತೊಡಗಿದೆ.

“ಬೋರ್ಡು ಓದು. ಕೊನೇ ಸಾಲು ಜೋರಾಗಿ ಓದು.”

“ಹಾಗಾದ್ರೆ ನೀನು ಕತ್ತರಿಸಿದ ನನ್ನ ಕೂದಲು ಎಲ್ಲಯ್ಯಾ?” ಎಂದು ನಾನು ಮೇಲೆದ್ದೆ. “ಇಷ್ಟು ವರ್ಷ ಒಂದೆಳೆ ಕೈಗೆ ಕೊಟ್ಟಿದ್ಯಾ? ನನ್ನ ತಲೆಯಿಂದ ಬೇರೆಯಾದದ್ದು ಯಾರದ್ದು? ಕೊಟ್ಟುಬಿಡು, ನಿನ್ನ ಬಟ್ಟೆ ತಗೊಂಡು ಹೋಗು!”

ಅವನು ಎದ್ದು ಹೋದ. ಗೆದ್ದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಒಂದು ಗೋಣಿಚೀಲ ಎಳೆದುಕೊಂಡು ಬಂದು ನನ್ನ ಕತ್ತರಿಸುವ ಮೇಜಿನ ಮೇಲೆ ಬೋರಲು ಹಾಕಿದ. ಬೀದಿಯ ಸಕಲ ತಲೆಗಳ ಕೂದಲೂ ಅಲ್ಲಿ ಗುಡ್ಡೆಯಾಯಿತು.

“ಬೆಳ್ಳಗಿರೋದೆಲ್ಲ ನಿಂದು. ಹೆಕ್ಕಿಕೋ. ಈಗ ನನ್ನ ಬಟ್ಟೆ ಕೊಡು.”

ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಬಂದರು. ನಮ್ಮ ಬೀದಿಯ ಶಾಲೆಯವರು. ನೀಟಾಗಿ ಮಾತಾಡುವ ಹೆಂಗಸು, ಕನ್ನಡಕದ ಮೇಲಿನಿಂದ ನೋಡಿದರೆ ನಾನು ಈಗಲೂ ಕೈಕಟ್ಟಿ ನಿಲ್ಲುತ್ತೇನೆ. ಮೊದಲು ಬೋರ್ಡು ಓದಿದರು. ಆಮೇಲೆ ಕೂದಲು ನೋಡಿದರು. ಆಮೇಲೆ ಅಂಗಡಿಯ ಹಿಂಬಾಗಿಲಿಗೆ ಹಾಕಿದ್ದ ಕೆಂಪು ಪರದೆಯನ್ನು ಬಹಳ ಹೊತ್ತು ನೋಡಿದರು.

“ನಮ್ಮ ಶಾಲೆಯ ವೇದಿಕೆಗೆ ನೀವೇ ಅಲ್ವಾ ಪರದೆ ಹೊಲಿದುಕೊಟ್ಟದ್ದು?”

“ಹೌದು ಮೇಡಂ.”

“ಅದು ನಡುವೆ ಸೇರೋದೇ ಇಲ್ಲ. ನಾಟಕ ಶುರುವಾಗೋ ಮುಂಚೆಯೇ ರಾಜನ ಹೊಟ್ಟೆ ಕಾಣುತ್ತೆ. ಬಟ್ಟೆ ಕಡಿಮೆ ಬಿತ್ತು ಅಂದಿದ್ರಿ.”

“ಅಂದಿದ್ದೆ ಮೇಡಂ.”

“ಕಡಿಮೆ ಬಿದ್ದದ್ದು ಇಲ್ಲಿ ಬಿದ್ದಿದೆ.”

ಈಗ ನನಗೆ ಏನಾಯಿತೋ ನಾನೇ ಹೇಳಲಾರೆ. ನಾಲಿಗೆ ಒಣಗಿತು. ಒಣಗಿದ ನಾಲಿಗೆಯ ಮೇಲೆ ಎಲ್ಲಿಂದಲೋ ಸಿದ್ಧವಾದ ಮಾತುಗಳು ಸಾಲಾಗಿ ಬಂದು ನಿಂತವು. ಬೆನ್ನು ನೆಟ್ಟಗೆ ಮಾಡಿ, ಮುಖಕ್ಕೊಂದು ನಗು ತಂದುಕೊಂಡು ಹೇಳಿದೆ: “ಮೇಡಂ, ಆ ಬಟ್ಟೆ ನಾನು ತಗೊಂಡಿಲ್ಲ.”

“ಮತ್ತೆ?”

“ಅದಾಗಿಯೇ ಬಂದು ಬಿದ್ದಿದೆ. ಮಿಕ್ಕ ಬಟ್ಟೆಗೆ ನಮ್ಮಲ್ಲಿ ಬೆಂಬಲ ಇಲ್ಲ.”

“ಬೆಂಬಲ ಇಲ್ಲದೆ ಬಾಗಿಲಿಗೆ ಹೇಗೆ ನೇತಾಡ್ತಿದೆ?”

“ಕೊಡಬೇಕೋ ಬೇಡವೋ ಅಂಗಡಿಯ ಇಷ್ಟ. ನನ್ನ ಹತ್ರ ಹೊಲಿಯೋಕೆ ಕೊಟ್ಟಿರಿ ಅಂದ್ರೆ ಒಪ್ಪಿದ್ದೀರಿ ಅಂತಲೇ ಅರ್ಥ.”

“ತುಂಬ ಚೆನ್ನಾಗಿ ಹೇಳಿದ್ರಿ ಸರ್,” ಎಂದಿತು ಒಂದು ಧ್ವನಿ.

ಹೆಡ್‌ಮಿಸ್ಟ್ರೆಸ್ ಹಿಂದೆ ಮ್ಯಾನೇಜರು ನಿಂತಿದ್ದ. ಟೈ ಕೂಡ ಇತ್ತು. “ನಾನು ಅಷ್ಟು ಹೊತ್ತು ಹೇಳಿದ್ದನ್ನ ನೀವು ಎರಡೇ ಮಾತಲ್ಲಿ ಮುಗಿಸಿದ್ರಿ.”

ಅವನು ನಕ್ಕದ್ದು ನನ್ನ ನೆತ್ತಿಗೇರಿತು. ಬೀದಿಯ ಜನವೆಲ್ಲ ಬಾಗಿಲಲ್ಲಿ ಸೇರಿದ್ದರು. ಸೆಕ್ಷನ್ ತಾತನೂ ಬಂದಿದ್ದರು, ನಾನು ಹರಿದ ಆ ಬೂದು ಬಟ್ಟೆಯಲ್ಲಿ ಆಗಿದ್ದಷ್ಟನ್ನು ಹೊಲಿದುಕೊಟ್ಟಿದ್ದ ಪ್ಯಾಂಟು ತೊಟ್ಟು. ಅದು ಅವರ ಮೊಣಕಾಲು ದಾಟಲು ಒಪ್ಪಿರಲಿಲ್ಲ. ಕೆಳಗಿನ ಕಾಲುಗಳು ಎರಡು ಸೌದೆಯ ಹಾಗೆ ಬರಿಗಾಳಿಯಲ್ಲಿ ನಿಂತಿದ್ದವು.

“ನಾನು ನಿನ್ನ ಥರ ಅಲ್ಲ ಕಣಯ್ಯಾ!” ಎಂದು ನಾನು ಮ್ಯಾನೇಜರಿಗೆ ಬೆರಳು ತೋರಿಸಿದೆ. “ಇಲ್ಲೇ ನಿಂತು ನೋಡು. ನಿಯತ್ತಿನವನು ಹೇಗೆ ನಡ್ಕೋತಾನೆ ಅಂತ ಕಲ್ತುಕೊಂಡು ಹೋಗಿ ನಿನ್ನ ಹೆಡ್ ಆಫೀಸಿಗೆ ಬರಿ.”

ಪರದೆಯನ್ನು ಒಂದೇ ಏಟಿಗೆ ಕಿತ್ತೆ. “ತಗೊಳ್ಳಿ ಮೇಡಂ, ರಾಜನ ಹೊಟ್ಟೆ ಮುಚ್ಚಿ.”

“ನೀನು ಕೂತಿದ್ದ ಆ ದಿಂಬು ನನ್ನ ಮಗನ ಕೋಟು,” ಎಂದರು ಯಾರೋ. ದಿಂಬು ಹಾರಿತು. ಇಸ್ತ್ರಿಯ ಹಿಡಿಗೆ ಸುತ್ತಿದ್ದದ್ದು ಇನ್ಯಾರದೋ ಚಡ್ಡಿ. ಅದೂ ಹೋಯಿತು.

“ಏನಯ್ಯಾ ಟೈಲರ್,” ಎಂದರು ಸೆಕ್ಷನ್ ತಾತ, ತಲೆ ಒಂದು ಕಡೆ ವಾಲಿಸಿ, “ನೀನು ಹಾಕ್ಕೊಂಡಿರೋ ವೇಸ್ಟ್‌ಕೋಟು ನಾನು ಕೋರ್ಟಿಗೆ ಹಾಕ್ತಿದ್ದ ಕರಿ ಕೋಟಿನ ತಂಗಿಯ ಹಾಗೆ ಕಾಣುತ್ತಲ್ಲ?”

ಗುಂಡಿ ಬಿಚ್ಚಿ ಅದನ್ನೂ ಕೊಟ್ಟೆ. ಬನಿಯನ್ನಿನಲ್ಲಿ ನಿಂತೆ. ಬನಿಯನ್ನು ಮಾತ್ರ ಅಂಗಡಿಯಿಂದ ಕೊಂಡದ್ದು. ತಾತ ವೇಸ್ಟ್‌ಕೋಟನ್ನು ತೊಟ್ಟುಕೊಂಡು ಮೊಣಕಾಲಿನವರೆಗಿನ ಪ್ಯಾಂಟಿನ ಮೇಲೆ ಗಂಭೀರವಾಗಿ ನಿಂತರು. “ಇದರ ಉಳಿದರ್ಧವನ್ನ ಇನ್ನೊಂದು ದಿನ ಕೇಳ್ತೀನಿ,” ಎಂದು ಕಾಲು ತೋರಿಸಿದರು.

“ಎಲ್ಲರಿಗೂ ಸಿಕ್ತು. ನನ್ನ ನೀಲಿ?” ಎಂದ ಕ್ಷೌರಿಕ.

“ನಿಂದು ಇಲ್ಲ ಕಣೋ. ಹುಡುಕಿದೆ.”

“ನಾನು ಹುಡುಕಿದ್ದೀನಿ.” ಅವನು ಬೀದಿಗಿಳಿದು ನಮ್ಮ ಮಹಡಿಯ ಕಡೆ ಕೈ ಮಾಡಿದ. “ಅಲ್ಲಿ ತಂತಿ ಮೇಲೆ ಒಣಗ್ತಿದೆ ನೋಡು. ನಡುವೆ ಚೌಕ ಚೌಕ ನೀಲಿ.”

ಅದು ಇವಳ ಹೊದಿಕೆ. ಮಿಕ್ಕ ತುಂಡುಗಳಲ್ಲಿ ಮೆತ್ತಗಿರುವುದನ್ನೆಲ್ಲ ಆರಿಸಿ, ಒಂದೊಂದರ ಅಂಚನ್ನೂ ಕೈಯಲ್ಲೇ ಮಡಚಿ, ಬಣ್ಣಕ್ಕೆ ಬಣ್ಣ ಕೂಡಿಸಿ, ಮಗಳಿಗೆ ಹುಟ್ಟುವ ಕೂಸಿಗೆಂದು ಹೊಲಿದದ್ದು. ಗಿರಾಕಿಗಳ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಹೊಲಿದು ಹೊಲಿದು ಮುಗಿಸಿದ್ದಳು. ಒಗೆದು ಅವತ್ತೇ ಒಣಗಲು ಹಾಕಿದ್ದಳು.

ನಾನು ಮ್ಯಾನೇಜರ ಕಡೆ ನೋಡಿದೆ. ಅವನು ನನ್ನ ಕಡೆ ನೋಡಿದ. ಅವನ ಹುಬ್ಬು ಸ್ವಲ್ಪ, ಬರೀ ಸ್ವಲ್ಪ, ಮೇಲೆ ಹೋಯಿತು.

“ಏ ಇವಳೇ!” ಎಂದು ಕೂಗಿದೆ. “ಆ ಹೊದಿಕೆ ತಗೊಂಡು ಕೆಳಗೆ ಬಾ!”

ಅವಳು ಬಂದಳು. ಹೊದಿಕೆ ತೋಳಿನ ಮೇಲಿತ್ತು. ಹಿಂದೆ ಅವಳ ತಮ್ಮ, ಕೈಯಲ್ಲಿ ಫೋನು. ಅಂಗಡಿಯ ತುಂಬ ಜನ, ಮೇಜಿನ ಮೇಲೆ ಕೂದಲು, ಬನಿಯನ್ನಿನಲ್ಲಿ ಗಂಡ. ಅವಳ ಕಣ್ಣು ಟೈ ಕಟ್ಟಿದವನ ಮೇಲೆ ನಿಂತಿತು.

“ಕಂಪನಿಯವರಾ? ಯಂತ್ರದ ಹಣ ಕೊಡೋಕೆ ಬಂದ್ರಾ?”

“ಅದು ಆಮೇಲೆ,” ಎಂದೆ ನಾನು. “ಮೊದಲು ಹೊದಿಕೆ ಇಲ್ಲಿ ಕೊಡು. ಅದರಲ್ಲಿ ಇವನ ನೀಲಿ ಇದೆ. ಬಿಚ್ಚಬೇಕು.”

“ಏನು ಬಿಚ್ಚಬೇಕು?”

“ಹೊಲಿಗೆ. ಬೋರ್ಡು ಹಾಕಿದ ಮೇಲೆ ನಡ್ಕೋಬೇಕಲ್ಲ? ಬಟ್ಟೆ ಅವರದ್ದು.”

“ಬಟ್ಟೆ ಅವರದ್ದು. ಹೊಲಿಗೆ?”

ನಾನು ಸೆಕ್ಷನ್ ತಾತನ ಕಡೆ ತಿರುಗಿದೆ. ಇಂಥ ಹೊತ್ತಿಗಲ್ಲದೆ ಕಾನೂನು ಇರುವುದಾದರೂ ಯಾಕೆ? ತಾತ ವೇಸ್ಟ್‌ಕೋಟಿನ ಜೇಬಿಗೆ ಹೆಬ್ಬೆರಳು ಸಿಕ್ಕಿಸಿಕೊಂಡು ಯೋಚಿಸಿದರು. “ಬಟ್ಟೆ ಗಿರಾಕಿಗಳದ್ದು. ದಾರ ಅಂಗಡೀದು. ಹೊಲಿಗೆ ಅಮ್ಮನವರದ್ದು. ಬೇರೆ ಬೇರೆ ಮಾಡಬಹುದು. ಮಾಡಿದ ಮೇಲೆ ಹೊದಿಕೆ ಯಾರದ್ದು ಅಂತ ಕೇಳೋಕೆ ಹೊದಿಕೆಯೇ ಇರೋದಿಲ್ಲ.”

“ನನಗೇನೂ ಬೇಡ ಬಿಡಪ್ಪಾ,” ಎಂದ ಕ್ಷೌರಿಕ. ಹೊದಿಕೆಯನ್ನು ಹತ್ತಿರದಿಂದ ನೋಡಿದ ಮೇಲೆ ಅವನ ಧ್ವನಿ ಇಳಿದಿತ್ತು. “ತಮಾಷೆಗೆ ಕೇಳಿದ್ದು.”

“ಹಾಗೆಲ್ಲ ಬಿಡೋದಕ್ಕಾಗಲ್ಲ!” ಎಂದೆ. “ನೀನು ಬೇಡ ಅಂದ್ರೂ ನಿಂದೇ. ಈ ಮ್ಯಾನೇಜರ್ ಮುಂದೆ ನನ್ನ ಮಾತು ಬೀಳಬೇಕಾ?”

“ಬೇಡ ಅಂತಿದ್ದಾರಲ್ಲ,” ಎಂದರು ಹೆಡ್‌ಮಿಸ್ಟ್ರೆಸ್, ಕನ್ನಡಕದ ಮೇಲಿನಿಂದ.

“ಭಾವ, ತಾಳಿ,” ಎಂದ ಬಾಮೈದ.

“ನೀನು ಸುಮ್ಮನಿರು! ನನ್ನ ಬೆರಳು ಹಿಡಿದು ಒತ್ತಿಸಿದವನು!”

ಕತ್ತರಿ ನನ್ನ ಕೈಯಲ್ಲೇ ಇತ್ತು. ದರ್ಜಿಯ ಕೈಯಲ್ಲಿ ಕತ್ತರಿ ಇದ್ದರೆ ಅದು ಯೋಚನೆಗೆ ಕಾಯುವುದಿಲ್ಲ. ಹೊದಿಕೆಯ ಮೂಲೆ ಹಿಡಿದು, ಮೊದಲ ನೀಲಿ ಚೌಕದ ಸುತ್ತ ನಾಲ್ಕೂ ಕಡೆ ಚಕಚಕನೆ ಹೊಲಿಗೆ ಬಿಡಿಸಿದೆ. ಚೌಕ ನನ್ನ ಅಂಗೈಗೆ ಬಂತು. ಹೊದಿಕೆಯಲ್ಲಿ ಒಂದು ಕಿಟಕಿ ಆಯಿತು. ಆ ಕಿಟಕಿಯಿಂದ ಆಚೆ ಬದಿಯಲ್ಲಿ ಅವಳ ಬೆರಳು ಕಂಡಿತು.

ಅವಳು ಹೊದಿಕೆಯನ್ನು ಎಳೆದುಕೊಳ್ಳಲಿಲ್ಲ. ನನ್ನ ಕೈ ತಾನಾಗಿಯೇ ಬಿಟ್ಟಿತು. ಅವಳು ಅದನ್ನು ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟಳು. ಮೇಜಿನ ಖಾನೆ ತೆಗೆದು ತನ್ನ ಸೂಜಿಯ ಡಬ್ಬಿ ತೆಗೆದುಕೊಂಡಳು. ಅದರ ಮೇಲೆ ಬಿದ್ದಿದ್ದ ಒಂದು ಬಿಳಿ ಕೂದಲನ್ನು ಊದಿ ಬಿಸಾಕಿದಳು.

“ಯಂತ್ರದ ಹಣ ನನ್ನನ್ನ ಕೇಳದೆ ಹೋಯ್ತು,” ಎಂದಳು. “ಹೋಗ್ಲಿ, ಅದು ಹಣ. ಇದಕ್ಕಾದ್ರೂ ಕೇಳಬಹುದಿತ್ತು.”

“ಲೇ, ನಾನು ಈಗ ಕೇಳ್ತಾನೇ ಇದ್ದೆನಲ್ಲ...”

“ಕತ್ತರೀಲಿ ಕೇಳಿದ್ರಿ.”

ಜನ ದಾರಿ ಬಿಟ್ಟರು. ಅವಳು ಬೋರ್ಡಿನ ಕೆಳಗೆ ನಡೆದು ಬೀದಿಗಿಳಿದಳು. ಬಾಮೈದ ನನ್ನನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ, ಫೋನನ್ನು ಜೇಬಿಗೆ ಹಾಕಿಕೊಂಡು ಅವಳ ಹಿಂದೆ ಓಡಿದ. ಬಸ್ಸು ನಿಲ್ಲುವ ಮೂಲೆಯಲ್ಲಿ ಇಬ್ಬರೂ ತಿರುಗಿದರು.

ಮ್ಯಾನೇಜರು ಕೆಮ್ಮಿದ.

“ಸರ್... ನಾನು ಬಂದದ್ದೇನಂದ್ರೆ. ಹೆಡ್ ಆಫೀಸಿನಿಂದ ಉತ್ತರ ಬಂದಿದೆ. ನಿಮ್ಮಂಥವರ ದೂರು ಬಹಳ ಬಂದದ್ದಕ್ಕೆ ಹೊಸ ನಾಣ್ಯಕ್ಕೂ ಬೆಂಬಲ ಕೊಟ್ಟಿದ್ದೀವಿ. ನಿಮ್ಮ ಪಾಲು ನಿಮ್ಮ ಖಾತೆಗೆ ಹಾಕಿದ್ದೀವಿ.”

“ಪೂರ್ತಿ?”

“ಪೂರ್ತಿ.”

“ಗೆದ್ದೆ ಕಣಯ್ಯಾ ಟೈಲರ್!” ಎಂದರು ಸೆಕ್ಷನ್ ತಾತ. “ಕರು ಬಂತು!”

ನಾನು ಬಾಗಿಲ ಕಡೆ ನೋಡಿದೆ. ಈಗಲೇ ಓಡಿ ಹೋಗಿ ಹೇಳಿದರೆ ಬಸ್ಸು ಸಿಗುವ ಮೊದಲು ತಡೆಯಬಹುದು. “ಹಾಗಾದ್ರೆ ಉಳಿದರ್ಧ ಯಂತ್ರ ಬರುತ್ತೆ ತಾನೇ?”

ಅವನ ನಗುವಿನ ಹೊಲಿಗೆ ಮೊದಲ ಸಲ ಸ್ವಲ್ಪ ಬಿಟ್ಟಿತು. “ಆಗ ಬೆಲೆ ಇತ್ತು ಸರ್. ನಾವು ಎಲ್ಲರಿಗೂ ಕೊಟ್ಟ ಕೂಡಲೇ ಎಲ್ಲರೂ ಮಾರಿಬಿಟ್ರು. ಈಗ ಮಾರಿದ್ರೆ...” ಅಂಗಡಿಯ ಸುತ್ತ ಕಣ್ಣಾಡಿಸಿ, ನನ್ನ ಯಂತ್ರದ ಮೇಲಿದ್ದ ದಾರದುಂಡೆ ತೋರಿಸಿದ. “ಅಂಥದ್ದೊಂದು ಬರಬಹುದು. ಚಿಕ್ಕದು.”

ಅವನನ್ನು ಹೊಡೆಯಬೇಕೆಂದು ಎದ್ದೆ. ಎದ್ದ ಮೇಲೆ ಅವನ ಎಡಗಾಲು ಕಂಡಿತು. “ನಿನ್ನ ಪ್ಯಾಂಟು ಒಂದು ಕಡೆ ಉದ್ದ ಇದೆ,” ಎಂದೆ.

“ಗೊತ್ತು ಸರ್. ಯಾರೂ ಹೇಳಿರಲಿಲ್ಲ,” ಎಂದು ಅವನು ಹೋದ. ಗೊತ್ತಿದ್ದರೆ ಹೇಳುವುದೇನು, ಹೇಳದಿದ್ದರೆ ಗೊತ್ತಾದದ್ದು ಹೇಗೆ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಆ ಕಂಪನಿಯವರ ಮಾತೇ ಹಾಗೆ.

ಹೆಡ್‌ಮಿಸ್ಟ್ರೆಸ್ ಪರದೆಯನ್ನು ಮಡಚಿ ಕುರ್ಚಿಯ ಮೇಲೆ ಇಟ್ಟು, ತೆಗೆದುಕೊಳ್ಳದೆ ಹೊರಟರು. ತಾತ ವೇಸ್ಟ್‌ಕೋಟು ಬಿಚ್ಚಲು ನೋಡಿದರು. ನಾನು ಬೇಡ ಎಂದೆ. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಕ್ಷೌರಿಕ ಮಾತ್ರ ಉಳಿದುಕೊಂಡು ಕೂದಲನ್ನು ಗೋಣಿಗೆ ತುಂಬಿದ.

ನಾನು ನೀಲಿ ಚೌಕವನ್ನು ಅವನ ಕೈಗೆ ಕೊಟ್ಟೆ. ಅಂಗೈಯಗಲದ ಬಟ್ಟೆ. ನಾಲ್ಕೂ ಅಂಚು ಮಡಚಿ, ಕಣ್ಣಿಗೆ ಕಾಣದಷ್ಟು ಸಣ್ಣಗೆ ಹೊಲಿದಿತ್ತು. ಒಂದು ನೂಲೂ ಹೊರಗೆ ಬಂದಿರಲಿಲ್ಲ. ಯಂತ್ರವೂ ಅಷ್ಟು ಚೆನ್ನಾಗಿ ಮಾಡುವುದಿಲ್ಲ.

“ಇದನ್ನಿಟ್ಕೊಂಡು ನಾನೇನ್ ಮಾಡ್ಲೋ?” ಎಂದು ಅವನು ಅದನ್ನು ಮೇಜಿನ ಮೇಲೆ ವಾಪಸಿಟ್ಟ. “ನಿನ್ನ ಹೆಂಡ್ತಿ ಸಂಜೆಗೆ ಬರ್ತಾಳೆ ಬಿಡು. ಇಂಥದ್ದೆಲ್ಲ ಮನೇಲಿ ಇರೋದೇ.”

ಬೋರ್ಡು ಇಳಿಸಿ ಮತ್ತೆ ಇಸ್ತ್ರಿ ಹಲಗೆ ಮಾಡಿಕೊಂಡಿದ್ದೇನೆ. ಕೆಂಪು ಬಣ್ಣ ಗಿರಾಕಿಗಳ ಬಟ್ಟೆಗೆ ಹತ್ತುತ್ತದೆ, ಅದಕ್ಕೊಂದು ಬೇರೆ ಜಗಳ. ಕಾಜಾ ಹಾಕುವವರು ಸಿಗದೆ ಅಂಗಿಗಳು ಗುಂಡಿಯಿಲ್ಲದೆ ಸಾಲಾಗಿ ತೂಗುತ್ತಿವೆ. ನನ್ನ ಕೂದಲು ಕಿವಿಯ ಮೇಲೆ ಬಂದಿದೆ. ಸಂಜೆಗೆ ಬರ್ತಾಳೆ ಎಂದವನ ಅಂಗಡಿಗೆ ನಾನು ಹೋಗಿಲ್ಲ. ಅವಳು ಬಂದಿಲ್ಲ.